ಹಿತ್ತಲಿನಲ್ಲಿ ಇಂಗಾಲದ ಉಳಿತಾಯ

'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಕೈಗೆಟಕುವಷ್ಟು ಸಮೀಪದಲ್ಲಿರುವ ವಸ್ತುವಿನ ಬೆಲೆ ನಮಗೆ ತಿಳಿಯುವುದಿಲ್ಲ ಎಂಬುದು ಆ ಗಾದೆಯ ತಾತ್ಪರ್ಯ. ಇಂದು ಪ್ರಪಂಚದ ನಾನಾ ರಾಷ್ಟ್ರಗಳ ಪ್ರತಿನಿಧಿಗಳು ವರ್ಷವರ್ಷವೂ ಒಂದೆಡೆ ಸೇರಿ, ಕಾದು ಹೋಗುತ್ತಿರುವ ಈ ಭೂಮಿಗೆ ಮದ್ದು ಯಾವುದೆಂದು ಚರ್ಚಿಸುತ್ತಿದ್ದಾರೆ. ಇಂಥ ಸಂದರ್ಭದಲ್ಲಿ ನಮ್ಮ ಮನೆಯ ಹಿಂದಿನ ಬೇವು, ಹೊಂಗೆ, ನುಗ್ಗೆ, ಕರಿಬೇವುಗಳಿಗೂ ಆ ಮದ್ದಿನಲ್ಲಿ ಪಾಲುಂಟೆ ಎಂಬ ಪ್ರಶ್ನೆ ಸಹಜವಾದುದು. ಉಂಟು ಎಂಬುದೇ ಉತ್ತರ. ಆದರೆ ಮದ್ದು ಎಂದ ಮೇಲೆ ಅದರ ಪ್ರಮಾಣವೆಷ್ಟು, ಅದಕ್ಕೆ ಪಥ್ಯವೇನು ಎಂಬುದನ್ನೂ ಕೇಳಲೇಬೇಕಾಗುತ್ತದೆ. ಪಥ್ಯವಿಲ್ಲದ ಮದ್ದು ಫಲಿಸದು. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಅರ್ಥಶಾಸ್ತ್ರವನ್ನೂ ಭೂಗೋಳವನ್ನೂ ಓದುತ್ತಿರುವವರಲ್ಲಿ ಒಬ್ಬಳು. ಆದುದರಿಂದ ಈ ವಿಷಯವನ್ನು ಜಮಾ ಖರ್ಚಿನ ಲೆಕ್ಕದಂತೆ ನೋಡಲು ಪ್ರಯತ್ನಿಸಿದ್ದೇನೆ.

ಮೊದಲು ರೋಗವನ್ನು ಕುರಿತು ಎರಡು ಮಾತು. ನಾವು ಉಸಿರಾಡುವ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎಂಬ ಅನಿಲ ಅತ್ಯಲ್ಪ ಪ್ರಮಾಣದಲ್ಲಿದೆ. ಹಿಂದಿನ ಪಠ್ಯಪುಸ್ತಕಗಳು ಇದನ್ನೇ ಇಂಗಾಲಾಮ್ಲ ವಾಯು ಎನ್ನುತ್ತಿದ್ದವು. ಯಂತ್ರಯುಗ ಆರಂಭವಾಗುವುದಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇದು ಸುಮಾರು 280 ಪಾಲು ಇತ್ತು. 1958ರಲ್ಲಿ ಚಾರ್ಲ್ಸ್ ಡೇವಿಡ್ ಕೀಲಿಂಗ್ ಎಂಬ ವಿಜ್ಞಾನಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಇದನ್ನು ಎಡೆಬಿಡದೆ ಅಳೆಯುವ ಕಾರ್ಯವನ್ನು ಪ್ರಾರಂಭಿಸಿದಾಗ ಸುಮಾರು 315 ಪಾಲಿತ್ತು. ಈಗ 420ನ್ನು ದಾಟಿದೆ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್‌ಗಳನ್ನು ಸುಡುವುದು ಇದಕ್ಕೆ ಮುಖ್ಯ ಕಾರಣ. ಕಾಡು ಕಡಿಯುವುದೂ ಸಿಮೆಂಟಿನ ತಯಾರಿಕೆಯೂ ಅದರೊಡನೆ ಸೇರಿವೆ. ಈ ಅನಿಲವು ಭೂಮಿಯಿಂದ ಹೊರಹೋಗುವ ಶಾಖವನ್ನು ಕಂಬಳಿಯಂತೆ ತಡೆಹಿಡಿಯುತ್ತದೆ. ಕಂಬಳಿ ದಪ್ಪವಾದಷ್ಟೂ ಸೆಕೆ ಹೆಚ್ಚು.

ಹಾಗಾದರೆ ಮರಕ್ಕೂ ಇದಕ್ಕೂ ಸಂಬಂಧವೇನು? ಮರ ತನ್ನ ಮೈಯನ್ನು ಮಣ್ಣಿನಿಂದ ಕಟ್ಟಿಕೊಳ್ಳುತ್ತದೆ ಎಂದು ನಮ್ಮಲ್ಲಿ ಬಹುಮಂದಿ ತಿಳಿದಿದ್ದಾರೆ. ಯೂರೋಪಿನಲ್ಲಿಯೂ ಹಿಂದೆ ಹಾಗೆಯೇ ತಿಳಿದಿದ್ದರು. ಹದಿನೇಳನೆಯ ಶತಮಾನದಲ್ಲಿ ವಾನ್ ಹೆಲ್ಮಾಂಟ್ ಎಂಬಾತ ಒಂದು ಕುಂಡದಲ್ಲಿ 200 ಪೌಂಡು ಒಣಮಣ್ಣನ್ನು ತುಂಬಿ, ವಿಲೋ ಜಾತಿಯ ಸಸಿಯೊಂದನ್ನು ನೆಟ್ಟು, ಐದು ವರ್ಷ ಬರಿಯ ನೀರೆರೆದು ಬೆಳೆಸಿದನು. ಸಸಿ 164 ಪೌಂಡಿನಷ್ಟು ಬೆಳೆದಿತ್ತು. ಮಣ್ಣು ಮಾತ್ರ ಕೆಲವೇ ಔನ್ಸುಗಳಷ್ಟು ಕಡಮೆಯಾಗಿತ್ತು. ಮರದ ಮೈಯೆಲ್ಲ ನೀರಿನಿಂದಲೇ ಆಯಿತೆಂದು ಆತ ನಿರ್ಣಯಿಸಿದನು. ನೂರಕ್ಕೂ ಹೆಚ್ಚು ವರ್ಷಗಳ ತರುವಾಯ, 1771ರಲ್ಲಿ ಪ್ರೀಸ್ಟ್ಲಿ, 1779ರಲ್ಲಿ ಇಂಗೆನ್‌ಹೌಸ್ ಎಂಬವರು ನಡೆಸಿದ ಪ್ರಯೋಗಗಳಿಂದ ಗಾಳಿಯ ಪಾತ್ರವೂ ಬಿಸಿಲಿನ ಪಾತ್ರವೂ ಬೆಳಕಿಗೆ ಬಂದವು. ಹಸಿರೆಲೆ ಬಿಸಿಲಿನ ಬಲದಿಂದ ಗಾಳಿಯ ಇಂಗಾಲವನ್ನು ಹಿಡಿದು, ನೀರಿನೊಡನೆ ಕೂಡಿಸಿ, ಸಕ್ಕರೆಯನ್ನೂ ನಾರನ್ನೂ ಕಟ್ಟಿಗೆಯನ್ನೂ ಮಾಡುತ್ತದೆ. ಒಣಗಿದ ಕಟ್ಟಿಗೆಯ ತೂಕದಲ್ಲಿ ಹತ್ತಿರ ಹತ್ತಿರ ಅರ್ಧಪಾಲು ಇಂಗಾಲವೇ ಆಗಿರುತ್ತದೆ. ಮರವೆಂದರೆ ಗಟ್ಟಿಯಾಗಿ ನಿಂತ ಗಾಳಿ ಎಂದರೆ ಅತಿಶಯೋಕ್ತಿಯಲ್ಲ.

ಈ ಇಂಗಾಲ ಎಷ್ಟು ಕಾಲ ನಿಲ್ಲುತ್ತದೆ ಎಂಬುದು ಅದು ಎಲ್ಲಿ ಕುಳಿತಿದೆ ಎಂಬುದನ್ನು ಅವಲಂಬಿಸಿದೆ. ಬ್ಯಾಂಕಿನಲ್ಲಿ ಚಾಲ್ತಿ ಖಾತೆ, ಉಳಿತಾಯ ಖಾತೆ, ದೀರ್ಘಾವಧಿಯ ಠೇವಣಿ ಎಂದು ಬಗೆಗಳಿವೆಯಷ್ಟೆ. ಎಲೆ, ಹೂವು, ಬಾಳೆಯ ದಿಂಡು, ಪರಂಗಿಯ ಕಾಂಡ ಇವೆಲ್ಲ ಚಾಲ್ತಿ ಖಾತೆಯಂತೆ. ಇಂದು ಬಂದದ್ದು ವರ್ಷದೊಳಗೆ ಹೋಗುತ್ತದೆ. ಬೇವು, ಹುಣಸೆ, ಮಾವು, ಹಲಸುಗಳ ಗಟ್ಟಿಮರ ದೀರ್ಘಾವಧಿಯ ಠೇವಣಿ. ಮರವನ್ನು ಕಡಿದು ಒಲೆಗಿಟ್ಟರೆ ಒಂದೇ ದಿನದಲ್ಲಿ ಠೇವಣಿಯೆಲ್ಲ ಖಾಲಿ. ಅದೇ ಮರವನ್ನು ತೊಲೆಯಾಗಿಯೋ ಬಾಗಿಲಾಗಿಯೋ ಬಳಸಿದರೆ ಮನೆ ನಿಂತಿರುವಷ್ಟು ಕಾಲವೂ ಇಂಗಾಲ ಅಲ್ಲಿಯೇ ಇರುತ್ತದೆ. ಇನ್ನು ಮಣ್ಣಿನಲ್ಲಿ ಬೆರೆತ ಇಂಗಾಲದ ಕಥೆಯೇ ಬೇರೆ. ಅದನ್ನು ಮುಂದೆ ಹೇಳುವೆನು.

ಮರದ ಠೇವಣಿಯನ್ನು ಅಳೆಯುವುದು ಕಷ್ಟವಲ್ಲ. ಒಂದು ದಾರವೂ ಒಂದು ಅಡಿಕೋಲೂ ಇದ್ದರೆ ಸಾಕು. ಅರಣ್ಯಶಾಸ್ತ್ರಜ್ಞರು ನೆಲದಿಂದ 1.3 ಮೀಟರು ಮೇಲೆ, ಎಂದರೆ ಸುಮಾರಾಗಿ ಎದೆಯ ಮಟ್ಟದಲ್ಲಿ, ಮರದ ಸುತ್ತಳತೆಯನ್ನು ಹಿಡಿಯುತ್ತಾರೆ. ಸುತ್ತಳತೆ ಮೂರಡಿ, ಎತ್ತರ ಮೂವತ್ತಡಿ ಇರುವ ಬೇವಿನ ಮರವೊಂದನ್ನು ತೆಗೆದುಕೊಳ್ಳೋಣ. ಹಳ್ಳಿಯ ಹಿತ್ತಲುಗಳಲ್ಲಿ ಇದು ಸಾಮಾನ್ಯವಾದ ಮರ. ಉಷ್ಣವಲಯದ ಮರಗಳಿಗಾಗಿ ವಿಜ್ಞಾನಿಗಳು ಸಿದ್ಧಪಡಿಸಿರುವ ಸೂತ್ರದಂತೆ ಲೆಕ್ಕ ಹಾಕಿದರೆ ನೆಲದ ಮೇಲೆ ಸುಮಾರು 300 ಕಿಲೋಗ್ರಾಂ ಒಣತೂಕ ಬರುತ್ತದೆ. ಬೇರಿಗೆಂದು ಅದರ ಕಾಲುಭಾಗವನ್ನು ಸೇರಿಸಿದರೆ 380ರ ಸಮೀಪ. ಅದರಲ್ಲಿ ಇಂಗಾಲ ಸುಮಾರು 180 ಕಿಲೋಗ್ರಾಂ. ಒಂದು ಕಿಲೋ ಇಂಗಾಲವು ಗಾಳಿಯಲ್ಲಿದ್ದಾಗ ಆಮ್ಲಜನಕದೊಡನೆ ಕೂಡಿ 3.67 ಕಿಲೋ ಇಂಗಾಲಾಮ್ಲವಾಗಿರುತ್ತದೆ. ಆದುದರಿಂದ ಆ ಬೇವಿನ ಮರವು ಗಾಳಿಯಿಂದ ಹಿಂದಕ್ಕೆ ಪಡೆದು ಇಟ್ಟುಕೊಂಡಿರುವ ಇಂಗಾಲಾಮ್ಲ ಸುಮಾರು 660 ಕಿಲೋಗ್ರಾಂ. ನಮ್ಮ ಒಣಭೂಮಿಯಲ್ಲಿ ಮರ ಇಷ್ಟಾಗಬೇಕಾದರೆ ಹದಿನೈದು ಇಪ್ಪತ್ತು ವರ್ಷ ಬೇಕು.

ಇದು ಹೆಚ್ಚೋ ಕಡಮೆಯೋ? ಒಂದು ಲೀಟರು ಪೆಟ್ರೋಲು ಉರಿದರೆ ಸುಮಾರು 2.3 ಕಿಲೋ ಇಂಗಾಲಾಮ್ಲ ಹೊರಬರುತ್ತದೆ. ದಿನಕ್ಕೆ ಹೋಗಿ ಬರುವ ದಾರಿ ಸೇರಿ 40 ಕಿಲೋಮೀಟರು ಮೋಟಾರು ಸೈಕಲ್ಲಿನಲ್ಲಿ ಕಾಲೇಜಿಗೆ ಬರುವ ವಿದ್ಯಾರ್ಥಿ, ಲೀಟರಿಗೆ 50 ಕಿಲೋಮೀಟರಿನ ಲೆಕ್ಕದಲ್ಲಿ, ವರ್ಷದ 200 ಕೆಲಸದ ದಿನಗಳಲ್ಲಿ 160 ಲೀಟರು ಸುಡುತ್ತಾನೆ. ಎಂದರೆ ಸುಮಾರು 370 ಕಿಲೋ ಇಂಗಾಲಾಮ್ಲ. ಬೇವಿನ ಮರ ಇಪ್ಪತ್ತು ವರ್ಷ ಕೂಡಿಟ್ಟದ್ದನ್ನು ಆ ವಿದ್ಯಾರ್ಥಿ ಎರಡು ವರ್ಷ ತುಂಬುವುದರೊಳಗೆ ಖರ್ಚು ಮಾಡಿಬಿಡುತ್ತಾನೆ. ಆದ್ದರಿಂದ ಒಂದು ಸಸಿ ನೆಟ್ಟು, ನಮ್ಮ ಪಾಲಿನ ಕರ್ತವ್ಯ ತೀರಿತೆಂದು ಛಾಯಾಚಿತ್ರ ತೆಗೆಸಿಕೊಳ್ಳುವುದು ಸಲ್ಲದು. ಮರವು ನಮ್ಮ ಹೊಗೆಗೆ ಪರವಾನಗಿಯಲ್ಲ.

ಇದೇ ಲೆಕ್ಕದಲ್ಲಿ ಇನ್ನೊಂದು ಪಾಠವೂ ಅಡಗಿದೆ. ಮರದ ತೂಕ ಸುತ್ತಳತೆಯ ವರ್ಗದಂತೆ ಏರುತ್ತದೆ. ಸುತ್ತಳತೆ ಇಮ್ಮಡಿಯಾದರೆ ತೂಕ ಇಮ್ಮಡಿಯಲ್ಲ, ನಾಲ್ಮಡಿ; ಎತ್ತರವೂ ಬೆಳೆದಿದ್ದರೆ ಇನ್ನೂ ಹೆಚ್ಚು. ಸುತ್ತಳತೆ ಆರಡಿ, ಎತ್ತರ ನಲವತ್ತಡಿ ಇರುವ ಹಳೆಯ ಬೇವು, ಮೇಲೆ ಹೇಳಿದ ಮರದ ಐದರಷ್ಟು ಇಂಗಾಲವನ್ನು ಹೊತ್ತಿರುತ್ತದೆ. 1950ರಲ್ಲಿ ಕೆ. ಎಂ. ಮುನ್ಷಿಯವರು ವನಮಹೋತ್ಸವವನ್ನು ಆರಂಭಿಸಿದಂದಿನಿಂದ ಪ್ರತಿ ಮಳೆಗಾಲದಲ್ಲಿಯೂ ದೇಶಾದ್ಯಂತ ಸಸಿ ನೆಡುತ್ತಲಿದ್ದೇವೆ. ಅದು ಒಳ್ಳೆಯ ಪದ್ಧತಿಯೇ. ಆದರೆ ಮನೆ ಕಟ್ಟುವಾಗ ಹಳೆಯ ಮರವೊಂದನ್ನು ಉರುಳಿಸಿ, ಅದರ ಬದಲು ಹೆಬ್ಬೆರಳು ಗಾತ್ರದ ಎರಡು ಸಸಿ ನೆಟ್ಟೆವು ಎನ್ನುವುದು ಚಿನ್ನದ ಬಳೆ ಕೊಟ್ಟು ಗಾಜಿನ ಬಳೆ ಕೊಂಡಂತೆ. ಇರುವ ಮರವನ್ನು ಉಳಿಸುವುದು ಮೊದಲ ಪುಣ್ಯ. ಹೊಸದನ್ನು ನೆಡುವುದು ಎರಡನೆಯದು.

ಇನ್ನು ಮಣ್ಣಿನ ವಿಚಾರ. ಪ್ರಪಂಚದ ಮಣ್ಣಿನಲ್ಲಿ ಅಡಗಿರುವ ಇಂಗಾಲವು ಗಾಳಿಯಲ್ಲಿರುವುದಕ್ಕಿಂತಲೂ, ಎಲ್ಲ ಗಿಡಮರಗಳಲ್ಲಿರುವುದಕ್ಕಿಂತಲೂ ಅಧಿಕವಾದುದು. ಉದುರಿದ ಎಲೆ, ಸತ್ತ ಬೇರು, ಸಗಣಿ ಇವು ಕೊಳೆತು, ಹುಳುಹುಪ್ಪಟೆಗಳ ಮತ್ತು ಕಣ್ಣಿಗೆ ಕಾಣದ ಜೀವಿಗಳ ಹೊಟ್ಟೆ ತುಂಬಿ, ಉಳಿದದ್ದು ಮಣ್ಣಿನ ಕಣಗಳಿಗೆ ಅಂಟಿಕೊಂಡು ಕಪ್ಪಾದ ಮೆಕ್ಕಲಾಗುತ್ತದೆ. ನಮ್ಮ ಸೀಮೆಯದು ಕೆಮ್ಮಣ್ಣು. ಮಣ್ಣು ಪರೀಕ್ಷೆಯ ಕಾಗದದಲ್ಲಿ ಸಾವಯವ ಇಂಗಾಲ ನೂರಕ್ಕೆ 0.5ಕ್ಕಿಂತ ಕಡಮೆಯಿದ್ದರೆ 'ಕಡಮೆ' ಎಂದೂ 0.75ಕ್ಕಿಂತ ಮೇಲಿದ್ದರೆ 'ಅಧಿಕ' ಎಂದೂ ಬರೆಯುತ್ತಾರೆ. ಒಂದು ಗುಂಟೆ ಹಿತ್ತಲಿನ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 21 ಟನ್ನು ತೂಗುತ್ತದೆ. ಅದರಲ್ಲಿ ಸಾವಯವ ಇಂಗಾಲ 0.4ರಿಂದ 0.8ಕ್ಕೆ ಏರಿದರೆ, ಹೊಸದಾಗಿ ಸೇರಿದ ಇಂಗಾಲ ಸುಮಾರು 85 ಕಿಲೋ. ಇಂಗಾಲಾಮ್ಲದ ಲೆಕ್ಕದಲ್ಲಿ 310 ಕಿಲೋ. ಎಂದರೆ ಕಣ್ಣಿಗೆ ಕಾಣುವ ಬೇವಿನ ಮರದ ಅರ್ಧದಷ್ಟು ಇನ್ನೊಂದು ಮರ ಕಾಣದಂತೆ ಮಣ್ಣಿನೊಳಗೆ ನಿಂತಿದೆಯೆಂದು ಭಾವಿಸಬಹುದು. ಇದಕ್ಕೆ ಹತ್ತು ವರ್ಷವಾದರೂ ಹಿಡಿದೀತು. ಆದರೆ ಈ ಮರವನ್ನು ಕಳ್ಳರು ಕಡಿಯಲಾರರು. ಅದೂ ಅಲ್ಲದೆ ಮೆಕ್ಕಲು ಹೆಚ್ಚಿದ ಮಣ್ಣು ಮಳೆಯ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ ತಾಲ್ಲೂಕುಗಳಲ್ಲಿ ಇದಕ್ಕಿಂತ ದೊಡ್ಡ ಲಾಭವಿಲ್ಲ.

ಏಕೆಂದರೆ ನಮ್ಮದು ನೀರಿನ ಬಡತನದ ನಾಡು. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ರಚಿತವಾದ ನಮ್ಮ ಜಿಲ್ಲೆಯ ನಂದಿಯ ಸುತ್ತಲಿನ ಬೆಟ್ಟಸಾಲಿನಲ್ಲಿ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿಗಳು ಹುಟ್ಟುತ್ತವೆ. ಆದರೆ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿಲಿಮೀಟರು. ಅದೂ ಕಾಲಕ್ಕೆ ಸರಿಯಾಗಿ ಬಂದರೆ. ಕೆರೆಗಳನ್ನು ಕಟ್ಟಿಕೊಂಡು ಬಾಳಿದ ಸೀಮೆ ಇಂದು ಕೊಳವೆ ಬಾವಿಗಳನ್ನು ನಂಬಿದೆ. ಸಾವಿರ ಅಡಿ ದಾಟಿದರೂ ನೀರು ಕಾಣದ ಬಾವಿಗಳುಂಟು. ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಬಳಸಿದ ನೀರನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ಹರಿಸುವಷ್ಟರ ಮಟ್ಟಿಗೆ ಪರಿಸ್ಥಿತಿ ಬಂದಿದೆ. ಹೀಗಿದ್ದರೂ ಶಿಡ್ಲಘಟ್ಟದ ರೇಷ್ಮೆ, ಚಿಂತಾಮಣಿಯ ಮಾವು ಮತ್ತು ಟೊಮೇಟೊ, ಚಿಕ್ಕಬಳ್ಳಾಪುರದ ದ್ರಾಕ್ಷಿ ಮತ್ತು ಹೂವು, ಗೌರಿಬಿದನೂರಿನ ಮುಸುಕಿನ ಜೋಳ ಇವು ನಮ್ಮ ರೈತರ ಶ್ರಮಕ್ಕೆ ಸಾಕ್ಷಿಯಾಗಿವೆ. ಇಲ್ಲಿ ಹಿತ್ತಲಿಗೆ ಯಾವ ಗಿಡ ಎಂದು ಯೋಚಿಸುವಾಗ ಇಂಗಾಲಕ್ಕಿಂತ ಮೊದಲು ನೀರನ್ನು ಕೇಳಬೇಕು.

ಬೇಗ ಬೆಳೆಯುವ ಮರವೇ ಹೆಚ್ಚು ಇಂಗಾಲ ಹಿಡಿಯುವುದಲ್ಲವೆ ಎಂದು ಕೆಲವರು ಕೇಳಬಹುದು. ಇದಕ್ಕೆ ಉತ್ತರ ನಮ್ಮ ಸೀಮೆಯಲ್ಲಿಯೇ ಇದೆ. ಭಾರತದಲ್ಲಿ ನೀಲಗಿರಿ ಮರವನ್ನು ಮೊದಲು ಬೆಳೆಸಿದ್ದು ಸುಮಾರು 1790ರಲ್ಲಿ, ಟಿಪ್ಪುಸುಲ್ತಾನನ ನಂದಿಬೆಟ್ಟದ ಉದ್ಯಾನದಲ್ಲಿ ಎಂದು ಅರಣ್ಯಶಾಸ್ತ್ರದ ಗ್ರಂಥಗಳು ಹೇಳುತ್ತವೆ. ಅಲಂಕಾರಕ್ಕಾಗಿ ಬಂದ ಮರ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅವಿಭಕ್ತ ಕೋಲಾರ ಜಿಲ್ಲೆಯ ಹೊಲಗಳನ್ನೇ ಆವರಿಸಿತು. ಅದು ಬೇಗ ಬೆಳೆಯುತ್ತದೆ, ನಿಜ. ಆದರೆ ಕೆಲವೇ ವರ್ಷಗಳಲ್ಲಿ ಕಡಿದು ಕಾಗದಕ್ಕೂ ಕಂಬಕ್ಕೂ ಸೌದೆಗೂ ಸಾಗಿಸುವುದರಿಂದ ಹಿಡಿದ ಇಂಗಾಲ ಬಹುಪಾಲು ಬೇಗನೆ ಗಾಳಿಗೆ ಮರಳುತ್ತದೆ. ಅಂತರ್ಜಲಕ್ಕೂ ಅದರಿಂದ ಹಾನಿಯೆಂಬ ದೂರು ಬಲವಾಗಿ, 2017ರಲ್ಲಿ ರಾಜ್ಯ ಸರ್ಕಾರವು ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಇದಕ್ಕೆ ಎದುರಾಗಿ, ನಂದಿಯಿಂದ ದೂರವಲ್ಲದ ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪನ್ನು ನೋಡಿರಿ. ಸುಮಾರು 54 ಎಕರೆಯ ಈ ತೋಪು 2007ರಲ್ಲಿ ಭಾರತದ ಮೊತ್ತಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತು. ಶತಮಾನಗಳನ್ನು ಕಂಡ ಆ ಹುಣಸೆಗಳು ನಿಧಾನವಾಗಿ ಬೆಳೆದವು. ಆದರೆ ಬೆಳೆದದ್ದನ್ನು ಬಿಟ್ಟುಕೊಡಲಿಲ್ಲ. ಓಡಿ ಗಳಿಸಿ ಕಳೆಯುವವನಿಗಿಂತ ಮೆಲ್ಲಗೆ ಗಳಿಸಿ ಉಳಿಸುವವನೇ ಕೊನೆಗೆ ಸಿರಿವಂತ.

ಇಲ್ಲಿಯವರೆಗೆ ಜಮಾ ಬದಿಯನ್ನು ನೋಡಿದ್ದಾಯಿತು. ಈಗ ಖರ್ಚಿನ ಬದಿ. ಇತ್ತೀಚೆಗೆ ಪೇಟೆಗಳಲ್ಲಿ ಮಾತ್ರವಲ್ಲದೆ ಹಳ್ಳಿಗಳಲ್ಲಿಯೂ ಮನೆಯ ಸುತ್ತಲಿನ ನೆಲಕ್ಕೆಲ್ಲ ಕಾಂಕ್ರೀಟು ಹಾಕಿಸುವುದು ರೂಢಿಯಾಗುತ್ತಿದೆ. ಸಿಮೆಂಟು ಮಾಡುವಾಗ ಸುಣ್ಣದ ಕಲ್ಲನ್ನು ಸುಡುತ್ತಾರೆ. ಕಲ್ಲಿನೊಳಗಿನ ಇಂಗಾಲಾಮ್ಲವೂ ಕುಲುಮೆಯ ಹೊಗೆಯೂ ಕೂಡಿ ಗಾಳಿಗೆ ಸೇರುತ್ತವೆ. 50 ಕಿಲೋ ತೂಕದ ಒಂದು ಮೂಟೆಗೆ ಕಡಮೆಯೆಂದರೂ 30 ಕಿಲೋ ಇಂಗಾಲಾಮ್ಲ. ಒಂದು ಗುಂಟೆ ಅಂಗಳಕ್ಕೆ ಮೂರು ಅಂಗುಲ ದಪ್ಪ ಕಾಂಕ್ರೀಟು ಹಾಕಲು ಸುಮಾರು 45 ಮೂಟೆ ಬೇಕಾಗುತ್ತದೆ. ಗುಣಿಸಿ ನೋಡಿದರೆ 1,350 ಕಿಲೋ! ಎರಡು ಬೇವಿನ ಮರಗಳು ಇಪ್ಪತ್ತು ವರ್ಷ ಕೂಡಿಟ್ಟದ್ದು ಒಂದೇ ದಿನದ ಕಾಂಕ್ರೀಟಿನಲ್ಲಿ ಮುಗಿದುಹೋಗುತ್ತದೆ. ಮೇಲಾಗಿ ಆ ಅಂಗಳದ ಮೇಲೆ ವರ್ಷದಲ್ಲಿ ಬೀಳುವ ಸುಮಾರು 70,000 ಲೀಟರು ಮಳೆನೀರಿನಲ್ಲಿ ಹೆಚ್ಚು ಪಾಲು ಇಂಗದೆ ಚರಂಡಿಗೆ ಹರಿದುಹೋಗುತ್ತದೆ.

ಕಾಂಕ್ರೀಟು ಬೇಡವೆಂದು ವಿದೇಶೀ ಹುಲ್ಲುಹಾಸನ್ನು ಬೆಳೆಸಿದರೆ? ನೋಡಲು ಅದು ಹಸಿರೇ. ಆದರೆ ಒಂದು ಗುಂಟೆ ಹುಲ್ಲು ಬೇಸಗೆಯಲ್ಲಿ ದಿನಕ್ಕೆ ಸುಮಾರು 500 ಲೀಟರು ನೀರು ಬೇಡುತ್ತದೆ. ಸಾವಿರ ಅಡಿಯ ಕೊಳವೆ ಬಾವಿಯಿಂದ ಅಷ್ಟು ನೀರನ್ನು ಎತ್ತಲು ಹೆಚ್ಚು ಕಡಮೆ ಒಂದು ಯೂನಿಟ್ ವಿದ್ಯುತ್ತು ಬೇಕು. ನಮ್ಮ ದೇಶದ ವಿದ್ಯುತ್ತಿನಲ್ಲಿ ಹೆಚ್ಚು ಭಾಗ ಕಲ್ಲಿದ್ದಲಿನಿಂದ ಬರುವುದಾದ್ದರಿಂದ ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲಾಮ್ಲ. ನಾಲ್ಕು ತಿಂಗಳ ಬೇಸಗೆಗೆ 84 ಕಿಲೋ. ಬೇವಿನ ಮರ ವರ್ಷಕ್ಕೆ ಸರಾಸರಿ ಉಳಿಸುವುದು ಸುಮಾರು 33 ಕಿಲೋ ಮಾತ್ರ. ಹುಲ್ಲು ಕತ್ತರಿಸುವ ಯಂತ್ರ, ರಸಗೊಬ್ಬರಗಳ ಲೆಕ್ಕ ಬೇರೆ. ಹಸಿರಾಗಿ ಕಂಡದ್ದೆಲ್ಲ ಉಳಿತಾಯವಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ನಾನು ಆರಂಭದಲ್ಲಿ ಹೇಳಿದ ಪಥ್ಯ ಇದೇ: ಬೋರಿನ ನೀರು, ಸಿಮೆಂಟು, ಬೆಂಕಿ ಈ ಮೂರನ್ನು ಎಷ್ಟು ದೂರವಿಡುತ್ತೇವೆಯೋ ಹಿತ್ತಲಿನ ಮದ್ದು ಅಷ್ಟು ಫಲಿಸುತ್ತದೆ.

ಈ ಪಥ್ಯ ಕಾಗದದ ಮೇಲೆ ಸುಲಭ. ಮನೆಯಲ್ಲಿ ಅಷ್ಟು ಸುಲಭವಲ್ಲ. ಕಳೆದ ವರ್ಷ ಶಿಡ್ಲಘಟ್ಟ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟಿದಾಗ ಒಂದು ಗುಂಟೆಯಷ್ಟು ಹಿತ್ತಲಿನ ಪ್ರಶ್ನೆ ಬಂದಿತು. ಎಲ್ಲಕ್ಕೂ ಕಾಂಕ್ರೀಟು ಹಾಕಿಸಬೇಕೆಂಬುದು ಅಣ್ಣನ ಅಭಿಪ್ರಾಯ. ರಾಗಿ, ಅವರೆ ಒಣಗಿಸಲು ಕಣ ಬೇಕೆಂಬುದು ಅಪ್ಪನ ಅಗತ್ಯ. ಮೂಲೆಯಲ್ಲಿದ್ದ ಹೊಂಗೆಯನ್ನು ಕಡಿಯಬಾರದೆಂದು ನಾನು ಲೆಕ್ಕ ಒಪ್ಪಿಸಿದಾಗ ಅಮ್ಮ ಹೇಳಿದ ಮಾತು ಯಾವ ಗ್ರಂಥದಲ್ಲಿಯೂ ಸಿಗುವಂಥದಲ್ಲ: "ನೀನು ಓದಿ ಊರು ಬಿಟ್ಟು ಹೋಗ್ತೀಯಮ್ಮ. ದಿನಾ ಎದ್ದು ಎಲೆ ಗುಡಿಸೋಳು ನಾನು, ಮಳೆ ಬಂದ್ರೆ ಕೆಸರು ತುಳಿಯೋಳೂ ನಾನೇ." ಮನೆಯ ಹಸಿರಿನ ಭಾರ ಯಾರ ಸೊಂಟದ ಮೇಲೆ ಬೀಳುತ್ತದೆ ಎಂಬುದನ್ನು ಹವಾಮಾನದ ಚರ್ಚೆಗಳಲ್ಲಿ ಬಹಳ ಮಂದಿ ಕೇಳುವುದಿಲ್ಲ. ಸಿಮೆಂಟಿನ ಮೇಲಿನ ಅವರ ಆಸೆ ಒಣ ಪ್ರತಿಷ್ಠೆಯಲ್ಲ. ಅದು ವಿಶ್ರಾಂತಿಯ ಆಸೆ.

ಕೊನೆಗೆ ಮೇಸ್ತ್ರಿಯೊಡನೆ ಕುಳಿತು ಒಂದು ಮಧ್ಯಮಾರ್ಗವನ್ನು ಕಂಡುಕೊಂಡೆವು. ಹತ್ತಡಿಗೆ ಹನ್ನೆರಡಡಿಯ ಕಣಕ್ಕೆ ಮಾತ್ರ ಕಾಂಕ್ರೀಟು. ಅದಕ್ಕೆ ಐದು ಮೂಟೆ ಸಿಮೆಂಟು ಸಾಕಾಯಿತು. ಅಡುಗೆಮನೆಯ ಬಾಗಿಲಿನಿಂದ ಬಚ್ಚಲಿಗೂ ದನದ ಕೊಟ್ಟಿಗೆಗೂ ನಡೆಯುವ ದಾರಿಗೆ ಹಳೆಯ ಮನೆಯಲ್ಲಿದ್ದ ಚಪ್ಪಡಿ ಕಲ್ಲುಗಳನ್ನೇ, ನಡುವೆ ಎರಡು ಬೆರಳು ಸಂದು ಬಿಟ್ಟು, ಮಣ್ಣಿನ ಮೇಲೆ ಹಾಸಿದೆವು. ಕಾಲಿಗೆ ಕೆಸರಿಲ್ಲ, ನೀರು ಸಂದಿನಲ್ಲಿ ಇಂಗುತ್ತದೆ. ಉಳಿದ ನೆಲ ಮಣ್ಣಾಗಿಯೇ ಉಳಿಯಿತು. ಹೊಂಗೆಯ ಬುಡದಲ್ಲಿ ಗುಂಡಿ ತೋಡಿದ ಮೇಲೆ ಎಲೆ ಗುಡಿಸುವ ದೂರ ಹತ್ತು ಹೆಜ್ಜೆಗೆ ಇಳಿಯಿತು. ಆ ಕೆಲಸ ಮನೆಯ ಎಲ್ಲರ ಸರದಿಗೂ ಬಂದಿತು. ಚಪ್ಪಡಿಗಳು ನಮ್ಮ ಸೀಮೆಯ ಹಳೆಯ ಮನೆಗಳಲ್ಲೆಲ್ಲ ಸಿಗುವ ವಸ್ತು. ಕಲ್ಲನ್ನು ಹೊಸದಾಗಿ ಒಡೆಸದೆ ಹಳೆಯದನ್ನೇ ಬಳಸಿದರೆ ಬಂಡೆಗೂ ಕ್ಷೇಮ.

ಈಗ ಯಾವ ಗಿಡ, ಎಲ್ಲಿ, ಹೇಗೆ ಎಂಬ ವಿಚಾರಕ್ಕೆ ಬರೋಣ. ಗಟ್ಟಿಮರಕ್ಕೆ ಹಿತ್ತಲಿನ ದೂರದ ಮೂಲೆಯೇ ಸರಿ. ಬೇವು, ಹೊಂಗೆಗಳಿಗೆ ಗೋಡೆಯಿಂದ ಹನ್ನೆರಡು ಹದಿನೈದು ಅಡಿ ಬಿಡುವುದು ಕ್ಷೇಮ. ಪಶ್ಚಿಮ ದಿಕ್ಕಿನಲ್ಲಿ ನೆಟ್ಟರೆ ಸಂಜೆಯ ಬಿಸಿಲು ಗೋಡೆಗೆ ತಾಗದೆ ಮನೆ ತಂಪಾಗಿರುವುದು. ಫ್ಯಾನಿನ ಖರ್ಚೂ ಇಳಿಯುವುದು. ಹುಣಸೆ, ಆಲ, ಅರಳಿಗಳು ಮನೆಯ ಹಿತ್ತಲಿನವಲ್ಲ. ಅವು ತೋಪಿಗೂ ಊರ ಕಟ್ಟೆಗೂ ಸೇರಿದವು. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥಕ್ಕೆ ಹೆಸರು ಕೊಟ್ಟದ್ದು ಒಂದು ಅರಳಿಯ ಮರವಲ್ಲವೆ? ಗಟ್ಟಿಮರದ ಕೆಳಗೆ ನಿಂಬೆ, ಸೀಬೆ, ಸೀತಾಫಲ, ಕರಿಬೇವು, ದಾಸವಾಳಗಳು ಎರಡನೆಯ ಅಂತಸ್ತು. ಬಚ್ಚಲು ನೀರು ಹರಿಯುವಲ್ಲಿ ಬಾಳೆ, ಪರಂಗಿ, ಕೆಸುವು. ಬೇಲಿಯುದ್ದಕ್ಕೂ ನುಗ್ಗೆ ಹಾಗೂ ಸೊಪ್ಪುಗೊಬ್ಬರಕ್ಕೆ ಗ್ಲಿರಿಸಿಡಿಯ. ನುಗ್ಗೆ, ಬಾಳೆಗಳು ಇಂಗಾಲವನ್ನು ಹೆಚ್ಚು ಕಾಲ ಹಿಡಿಯವು. ಆದರೆ ಅಡುಗೆಮನೆಯನ್ನೂ ಮಣ್ಣನ್ನೂ ಸಾಕುತ್ತವೆ. ಶಿಡ್ಲಘಟ್ಟದ ಕಡೆಯವರು ಹಿಪ್ಪುನೇರಳೆಯನ್ನು ಗಿಡವಾಗಿ ಕತ್ತರಿಸುತ್ತಿರುವ ಬದಲು ಒಂದೆರಡನ್ನು ಮರವಾಗಿ ಬೆಳೆಯಬಿಟ್ಟರೆ ಕಡಮೆ ನೀರಿನಲ್ಲಿ ಸೊಪ್ಪೂ ನೆರಳೂ ದೊರೆಯುವುವು. ಹುಳುವಿನ ಹಿಕ್ಕೆ, ತಿಂದುಳಿದ ಸೊಪ್ಪುಕಡ್ಡಿಗಳು ಗೊಬ್ಬರದ ಗುಂಡಿಗೆ ಬಂದರೆ ಅದಕ್ಕಿಂತ ಉತ್ತಮವಾದ ಆಹಾರ ಮಣ್ಣಿಗೆ ಬೇರಿಲ್ಲ.

ನೆಡುವ ಕ್ರಮವನ್ನೂ ಸಂಕ್ಷೇಪವಾಗಿ ಹೇಳುವೆನು. ಮುಂಗಾರಿಗೆ ಮುಂಚೆಯೇ ಎರಡಡಿ ಚೌಕ, ಎರಡಡಿ ಆಳದ ಗುಂಡಿ ತೆಗೆದು ಬಿಸಿಲಿಗೆ ಬಿಡಬೇಕು. ಬಳಿಕ ಒಣಎಲೆ, ತಿಪ್ಪೆಗೊಬ್ಬರ, ಮೇಲ್ಮಣ್ಣು ತುಂಬಿ, ಮಳೆ ಹಿಡಿದ ಮೇಲೆ ಸಸಿ ನೆಡಬೇಕು. ಮೊದಲ ಎರಡು ಬೇಸಗೆಯಷ್ಟೇ ಗಂಡಾಂತರ. ಅದಕ್ಕೆ ಮೆರುಗು ಹಾಕದ ಮಣ್ಣಿನ ಗಡಿಗೆಯೊಂದನ್ನು ಸಸಿಯ ಪಕ್ಕದಲ್ಲಿ ಕತ್ತಿನವರೆಗೆ ಹೂತು, ನೀರು ತುಂಬಿ ಬಾಯಿ ಮುಚ್ಚಿದರೆ, ನೀರು ಗಡಿಗೆಯ ಮೈಯಿಂದ ಮೆಲ್ಲಗೆ ಜಿನುಗಿ ಬೇರಿಗೆ ಮುಟ್ಟುತ್ತದೆ. ಬುಡಕ್ಕೆ ಒಣಎಲೆ, ಕಡಲೆಕಾಯಿ ಸಿಪ್ಪೆ, ತೆಂಗಿನ ನಾರು ಇವನ್ನು ಹೊದಿಸಬೇಕು. ರಾಗಿ ಹುಲ್ಲನ್ನು ಹೊದಿಸಿರೆಂದು ಹೇಳಲಾರೆ. ಅದು ದನದ ಬಾಯಿಯ ಪಾಲು. ಗೆದ್ದಲಿನ ಭಯವಿರುವುದರಿಂದ ಹೊದಿಕೆ ಕಾಂಡದಿಂದ ಒಂದು ಗೇಣು ದೂರವಿರಲಿ. ಚೇಳು ಹಾವುಗಳ ಭಯವಿರುವುದರಿಂದ ಬಾಗಿಲಿನಿಂದ ಹತ್ತು ಹೆಜ್ಜೆ ದೂರವಿರಲಿ.

ಬೆಂಕಿಯ ವಿಷಯ ಬೇರೆಯಾಗಿ ಹೇಳಬೇಕಾದುದು. ಮಾಘ ಫಾಲ್ಗುಣಗಳಲ್ಲಿ ಎಲೆ ಉದುರುವ ಕಾಲಕ್ಕೆ ಬೆಳಿಗ್ಗೆ ಯಾವ ಬೀದಿಯಲ್ಲಿ ಹೋದರೂ ಎಲೆರಾಶಿ ಹೊಗೆಯಾಡುತ್ತಿರುವುದನ್ನು ಕಾಣಬಹುದು. ಮರ ವರ್ಷವಿಡೀ ಗಾಳಿಯಿಂದ ಹಿಡಿದು ತಂದದ್ದನ್ನು ನಾವು ಒಂದು ಕಡ್ಡಿ ಗೀರಿ ಗಾಳಿಗೇ ಒಪ್ಪಿಸುತ್ತೇವೆ. ಮೇಲೆ ಕೆಮ್ಮನ್ನೂ ಪಡೆಯುತ್ತೇವೆ. ಮೂರಡಿ ಅಗಲ, ಮೂರಡಿ ಆಳದ ಗುಂಡಿಯೊಂದಿದ್ದರೆ ಮನೆಯ ಎಲೆಯೂ ತರಕಾರಿ ಸಿಪ್ಪೆಯೂ ಅದರಲ್ಲಿ ಅಡಗುತ್ತವೆ. ನಡುನಡುವೆ ಸಗಣಿ ನೀರು ಚಿಮುಕಿಸಿ, ತೆಳುವಾಗಿ ಮಣ್ಣು ಮುಚ್ಚುತ್ತ ಬಂದರೆ ಆರೇಳು ತಿಂಗಳಿಗೆ ಕಪ್ಪು ಗೊಬ್ಬರ ಸಿದ್ಧ. ಕೊಳೆಯುವಾಗಲೂ ಬಹುಪಾಲು ಇಂಗಾಲ ಗಾಳಿಗೆ ಹೋಗುತ್ತದೆಂಬುದು ನಿಜ. ಆದರೆ ಒಂದಂಶ ಮಣ್ಣಿಗೆ ಉಳಿಯುತ್ತದೆ. ಸುಟ್ಟರೆ ಉಳಿಯುವುದು ಬೂದಿ ಮಾತ್ರ.

ಇಷ್ಟೆಲ್ಲ ಮಾಡಿದರೂ ಒಂದು ಗುಂಟೆಯ ಹಿತ್ತಲು ಪ್ರಪಂಚವನ್ನು ಕಾಪಾಡೀತೆ? ಒಂಟಿಯಾಗಿ ಇಲ್ಲ. ನಮ್ಮ ದೇಶದಲ್ಲಿ ಒಬ್ಬ ಮನುಷ್ಯನ ಲೆಕ್ಕಕ್ಕೆ ವರ್ಷಕ್ಕೆ ಸುಮಾರು ಎರಡು ಟನ್ನು ಇಂಗಾಲಾಮ್ಲ ಬರುತ್ತದೆ. ಹಿತ್ತಲು ಅದರಲ್ಲಿ ಸಣ್ಣ ಪಾಲನ್ನು ಮಾತ್ರ ತೀರಿಸಬಲ್ಲುದು. ಆದರೆ ಹನಿಗೂಡಿದರೆ ಹಳ್ಳ. ಮಧ್ಯ ಕೇರಳದ ಮನೆತೋಟಗಳನ್ನು ಕುರಿತು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅಲ್ಲಿ ನೆಲದ ಮೇಲಿನ ಗಿಡಮರಗಳಲ್ಲಿಯೇ ಹೆಕ್ಟೇರಿಗೆ ಸರಾಸರಿ 16ರಿಂದ 36 ಟನ್ನು ಇಂಗಾಲ ಇರುವುದನ್ನು ತೋರಿಸಿತು. ಅಲ್ಲಿನ ಮಳೆ ನಮ್ಮದಕ್ಕಿಂತ ಬಹಳ ಹೆಚ್ಚು. ಅಷ್ಟು ಇಲ್ಲಿ ನಿರೀಕ್ಷಿಸಲಾಗದು. ಆದರೂ ತೋಟವೆಂದರೆ ಶ್ರೀಮಂತರ ಉದ್ಯಾನವಲ್ಲ, ಬಡವರ ಹಿತ್ತಲೂ ಲೆಕ್ಕಕ್ಕೆ ಬರುವುದೆಂದು ಅದರಿಂದ ತಿಳಿಯುತ್ತದೆ. 2015ರ ಪ್ಯಾರಿಸ್ ಒಪ್ಪಂದದ ಸಂದರ್ಭದಲ್ಲಿ ಭಾರತವು 2030ರೊಳಗೆ ಕಾಡು ಮತ್ತು ಮರಗಳ ಹೊದಿಕೆಯ ಮೂಲಕ 250ರಿಂದ 300 ಕೋಟಿ ಟನ್ನು ಇಂಗಾಲಾಮ್ಲಕ್ಕೆ ಸಮನಾದಷ್ಟನ್ನು ಹೆಚ್ಚುವರಿಯಾಗಿ ಹಿಡಿದಿಡುವುದಾಗಿ ಮಾತು ಕೊಟ್ಟಿದೆ. 'ಮರಗಳ ಹೊದಿಕೆ' ಎಂಬ ಮಾತಿನಲ್ಲಿ ಕಾಡಿನ ಹೊರಗಿನ ಮರಗಳೂ ಸೇರಿವೆ ಎಂಬುದನ್ನು ಮರೆಯಬಾರದು.

ಸಹಪಾಠಿಗಳೆ, ನಮ್ಮಲ್ಲಿ ಅನೇಕರು ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ತಲೆಮಾರಿನವರು. ಓದಿದವರೆಂದು ಮನೆಯವರು ನಮ್ಮ ಮಾತಿಗೆ ಕಿವಿಗೊಡುತ್ತಾರೆ. ಹೊಸ ಮನೆ ಹೇಗಿರಬೇಕೆಂದು ನಮ್ಮನ್ನು ಕೇಳುತ್ತಾರೆ. ಆ ಸಮಯದಲ್ಲಿ ನಾವು ಪೇಟೆಯ ಮನೆಯ ಚಿತ್ರವನ್ನು ತೋರಿಸುತ್ತೇವೆಯೋ ನಮ್ಮ ಮಣ್ಣಿಗೂ ಮಳೆಗೂ ಒಪ್ಪುವ ಹಿತ್ತಲನ್ನು ತೋರಿಸುತ್ತೇವೆಯೋ ಎಂಬುದು ಸಣ್ಣ ಸಂಗತಿಯಲ್ಲ. ಈ ಬೇಸಗೆಯ ರಜೆಯಲ್ಲಿ ಊರಿಗೆ ಹೋದಾಗ ಪ್ರತಿಯೊಬ್ಬರೂ ಒಂದು ದಾರವನ್ನು ತೆಗೆದುಕೊಂಡು ತಮ್ಮ ಹಿತ್ತಲಿನ ಮರಗಳ ಸುತ್ತಳತೆಯನ್ನು ಎದೆಮಟ್ಟದಲ್ಲಿ ಅಳೆದು ಬರೆದಿಡಲಿ. ಮುಂದಿನ ವರ್ಷ ಅದೇ ದಿನ ಮತ್ತೆ ಅಳೆಯಲಿ. ಹೆಚ್ಚಿದ ಒಂದೊಂದು ಅಂಗುಲವೂ ಗಾಳಿಯಿಂದ ಇಳಿಸಿ ಮನೆಯಲ್ಲಿ ಇಟ್ಟ ಉಳಿತಾಯ. ಲೆಕ್ಕ ಬರೆದವನು ಮರ ಕಡಿಯುವ ಮುಂಚೆ ಎರಡು ಸಲ ಯೋಚಿಸುವನು.